ಮೂಲಪಾಠ ಮತ್ತು ಮೂರನೆಯ ಪಿನ್ನು

ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫಯರ್‌ಗಳನ್ನು ಸಂಗ್ರಹಿಸುವವರು 'ಒರಿಜಿನಲ್' ಎಂಬ ಮಾತಿಗೆ ಕೊಡುವ ಬೆಲೆಯನ್ನು ನಮ್ಮ ಗ್ರಂಥಸಂಪಾದಕರು 'ಮೂಲಪಾಠ'ಕ್ಕೂ ಕೊಟ್ಟಿರಲಿಕ್ಕಿಲ್ಲ. ಒಂದು ಬೆಸುಗೆ ಬಿಚ್ಚಿದರೂ ದರ ಇಳಿಯುತ್ತದೆ. ಕೆಪಾಸಿಟರ್ ಬದಲಿಸಿದರೆ ನಾದವೇ ಹೋಯಿತೆಂಬ ದೂರು. ಹಸ್ತಪ್ರತಿಗಳ ಪಾಠಾಂತರಗಳೊಂದಿಗೆ ನಾಲ್ಕು ವರ್ಷದಿಂದ ಗುದ್ದಾಡುತ್ತಿರುವ ನನಗೆ ಈ ನಿಷ್ಠೆಯ ಬಗ್ಗೆ ಅನುಮಾನವಿದೆ.

ಮಾರ್ಷಲ್ ಜೆಟಿಎಂ45 ಅನ್ನೇ ನೋಡಿ. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿದ್ದ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಅಮೆರಿಕದ ಫೆಂಡರ್ ಬಾಸ್‌ಮನ್ನಿನ ಸರ್ಕಿಟ್ಟನ್ನು ಹೆಚ್ಚುಕಡಿಮೆ ನಕಲು ಮಾಡಿದರು. ಟ್ರಾನ್ಸ್‌ಫಾರ್ಮರ್‌ಗಳು ಅಲ್ಲಿಯೇ ಸಿಕ್ಕವು. ಮೊದಲ ಹಂತದಲ್ಲಿದ್ದ 12ಎವೈ7 ವಾಲ್ವಿನ ಜಾಗಕ್ಕೆ ಅದಕ್ಕಿಂತ ಹೆಚ್ಚು ವರ್ಧಿಸುವ ಇಸಿಸಿ83 ಬಂತು. ಲಿಪಿಕಾರ ತನ್ನ ಸೀಮೆಯ ನುಡಿಯನ್ನು ಪ್ರತಿಯೊಳಗೆ ತಂದಂತೆ! ಆ ಪಾಠಾಂತರವೇ ಇಂದು ಮುಟ್ಟಬಾರದ ಮೂಲವಾಗಿ ಕೂತಿದೆ.

ನಮ್ಮೂರಿಗೂ ಇದರಲ್ಲಿ ಪಾಲಿದೆ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಶುರುಮಾಡಿತು. ಅಲ್ಲಿ ತಯಾರಾದ ಇಎಲ್84 ಮನೆಯ ರೇಡಿಯೋದ್ದು. ಆದರೆ ವಾಕ್ಸ್ ಎಸಿ30 ಆಂಪಿನಲ್ಲಿ ಕೂರುವುದೂ ಅದೇ ಬಗೆಯ ನಾಲ್ಕು ವಾಲ್ವ್‌ಗಳು. ಹಾಗೆ ಕೂತ ಜಾಲಹಳ್ಳಿಯ ವಾಲ್ವನ್ನು ಮೂಲಕ್ಕೆ ಅಪಚಾರ ಎನ್ನಬೇಕೇ?

ಊರಿನ ಇನ್ನೊಂದು ತುದಿ, ಅತ್ತಿಬೆಲೆ. ನನ್ನ ಬಾಡಿಗೆ ಕೋಣೆಯ ಕೆಳಗೇ ರಿಪೇರಿ ಅಂಗಡಿಯಿದೆ. ಎಲೆಕ್ಟ್ರಾನಿಕ್ ಸಿಟಿಯ ಟೆಕ್ಕಿಯೊಬ್ಬರು ಹಳೆಯ ಅಮೆರಿಕನ್ ಆಂಪ್ ತಂದು, ಎರಡು ಪಿನ್ನಿನ ವಯರನ್ನು ಮಾತ್ರ ಮುಟ್ಟಬೇಡಿ ಎಂದರು. ಇಂಥ ಆಂಪ್‌ಗಳಿಗೆ ಅರ್ಥಿಂಗ್ ಇರುವುದಿಲ್ಲ. ಮೇನ್ಸಿನ ತಂತಿಯಿಂದ ಲೋಹದ ಛಾಸಿಗೆ ಒಂದು ಕೆಪಾಸಿಟರ್ ಕೂಡಿಸಿರುತ್ತಾರೆ. ಅದು ಶಾರ್ಟ್ ಆದರೆ ಕರೆಂಟು ಛಾಸಿಗೆ, ಅಲ್ಲಿಂದ ಗಿಟಾರಿನ ತಂತಿಗೆ, ಅಲ್ಲಿಂದ ನುಡಿಸುವವರ ಬೆರಳಿಗೆ.

"ಸಾರ್, ಒರಿಜಿನಲ್ ಸೌಂಡ್ ಕೇಳಕ್ಕೆ ನೀವಿರಬೇಕಲ್ವಾ?" ಎಂದರು ಅಂಗಡಿಯ ಅಣ್ಣ.

ಆಫ್ ಮಾಡಿದ ಮೇಲೂ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು. ಅಣ್ಣ ಮೊದಲು ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿದರು. ಒಣಗಿದ ಫಿಲ್ಟರ್‌ಗಳಿಂದಲೇ ಆ 'ಗುಂಯ್' ಸದ್ದು, ಅವನ್ನು ಬದಲಿಸಿದರು. ಅಪಾಯದ ಕೆಪಾಸಿಟರ್ ಕಿತ್ತು, ಮೂರು ಪಿನ್ನಿನ ವಯರು ಹಾಕಿ, ಛಾಸಿಗೆ ಅರ್ಥ್ ಕೊಟ್ಟರು. ಸೋರಿಕೆಯಿಲ್ಲದ ಕಪ್ಲಿಂಗ್ ಕೆಪಾಸಿಟರ್‌ಗಳನ್ನು, ಟ್ರಾನ್ಸ್‌ಫಾರ್ಮರ್‌ಗಳನ್ನು ಮುಟ್ಟಲಿಲ್ಲ. ಎಲ್ಲವನ್ನೂ ಹೊಸದು ಮಾಡಿಬಿಡುವವರ ಮೇಲೂ ನನಗೆ ತಕರಾರಿದೆ: ಅರ್ಥವಾಗದ ಪದವನ್ನೆಲ್ಲ ತಿದ್ದುವ ಸಂಪಾದಕರ ಜಾತಿ ಅದು.

ಕಿತ್ತ ಭಾಗಗಳನ್ನು ಅಣ್ಣ ಒಂದು ಕವರಿಗೆ ಹಾಕಿ, ಏನನ್ನು ತೆಗೆದು ಏನನ್ನು ಹಾಕಿದ್ದೆಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ ಕೊಟ್ಟರು. ನಾನು ಓದುವ ಎಷ್ಟೋ ಅಚ್ಚಾದ ಆವೃತ್ತಿಗಳಲ್ಲಿ ಅಷ್ಟು ವಿವರದ ಅಡಿಟಿಪ್ಪಣಿಯೂ ಇಲ್ಲ.