ಬಿಟ್ಟುಹೋದವನನ್ನು ಕೇಳುವವರು ಯಾರು?

ಸಲಿಂಗ ವಿವಾಹ ಕುರಿತು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ಮತ್ತೆ ಓದಿದೆ. ಲೇಖಕರು ಸಂಡೂರಿನವರು, ನಾನು ಹಲಕುಂದಿಯವನು. ಆ ಕಥೆಗಳ ಸಂಕೋಚ ನನಗೆ ಗೊತ್ತಿರುವಂಥದ್ದೇ. 2013ರಲ್ಲಿ ಬಂದ ಈ ಸಂಕಲನಕ್ಕೆ ‘ಧೈರ್ಯದ ಪುಸ್ತಕ’ ಎಂಬ ಹೊಗಳಿಕೆ ಅಂಟಿಕೊಂಡಿದೆ. ಹೌದು, ಧೈರ್ಯವೇ. ಆದರೆ ಹಾಗೆ ಹೊಗಳಿ ಕಥೆಗಳನ್ನು ಓದದೆ ಬಿಡುವುದೂ ಸುಲಭ.

ಕೋರ್ಟಿಗೆ ಹೋದವರು ಮದುವೆಯನ್ನು ಬಯಸಿ ಹೋದರು. ‘ಕಗ್ಗಂಟು’ ಕಥೆಯಲ್ಲಿ ಮದುವೆಯೇ ಸಂಗಾತಿಯನ್ನು ಕಿತ್ತುಕೊಳ್ಳುತ್ತದೆ. ಮೋಹನಸ್ವಾಮಿಯ ಜೊತೆ ಬಾಳಿದ ಕಾರ್ತಿಕ್ ಹುಡುಗಿಯೊಬ್ಬಳ ಕೈಹಿಡಿಯುತ್ತಾನೆ. ಅವನನ್ನು ಸ್ವಾರ್ಥಿ ಎಂದು ಬೈದು ಮುಗಿಸಬಹುದು. ಆದರೆ ಅವನು ಯಾರಿಗೂ ಉತ್ತರ ಕೊಡಬೇಕಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಬಿಟ್ಟದ್ದು ಹೆಂಡತಿಯನ್ನಾಗಿದ್ದರೆ ನಮ್ಮ ಕಡೆ ಹಿರಿಯರು ಕೂಡುತ್ತಿದ್ದರು, ಜೀವನಾಂಶದ ಕೇಸು ಬೀಳುತ್ತಿತ್ತು, ತವರಿನವರು ಜಗಳಕ್ಕಾದರೂ ಬರುತ್ತಿದ್ದರು. ಮೋಹನಸ್ವಾಮಿಯ ಪರವಾಗಿ ಜಗಳಕ್ಕೆ ಬರುವವರು ಯಾರು? ಅವನ ದುಃಖಕ್ಕೆ ಹೇಳಿಕೊಳ್ಳಲು ಒಂದು ಸಂಬಂಧದ ಹೆಸರೂ ಇಲ್ಲ.

ಮದುವೆ ಮೂಲಭೂತ ಹಕ್ಕಲ್ಲ ಎಂದು ಐವರೂ ನ್ಯಾಯಮೂರ್ತಿಗಳು ಹೇಳಿದರು. ಮದುವೆಯಲ್ಲದಿದ್ದರೂ ಇಂಥ ಜೋಡಿಗಳ ಕೂಡುಬಾಳಿಗೆ ಸರ್ಕಾರದ ಮನ್ನಣೆ ಬೇಕೆಂದವರು ಚಂದ್ರಚೂಡ್ ಮತ್ತು ಕೌಲ್ ಇಬ್ಬರೇ. ಒಟ್ಟಿಗೆ ಬಾಳುವುದಕ್ಕೆ ಅಡ್ಡಿಯಿಲ್ಲವಲ್ಲ ಎಂಬ ಸಮಾಧಾನ ಮಾತ್ರ ಉಳಿಯಿತು. ಕಾರ್ತಿಕ್ ಕೂಡ ಒಟ್ಟಿಗೇ ಬಾಳಿದ್ದ.

ನಮ್ಮಲ್ಲಿ ಜೋಗತಿಯರಿಗೆ ಮೊದಲಿಂದಲೂ ಜಾಗವಿತ್ತಲ್ಲ ಎನ್ನುವವರಿದ್ದಾರೆ. ಇತ್ತು, ಈಗಲೂ ಇದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀಯೂ ಬಂತು. ಆದರೆ ಆ ಜಾಗ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸಂಸಾರದಿಂದ ಹೊರಗೆ ನಿಂತವರಿಗೆ. ಸಂಸಾರವೇ ಬೇಕು ಎನ್ನುವ ಮೋಹನಸ್ವಾಮಿ ಯಾವ ದೇವರ ಬಳಿ ಹೋಗಬೇಕು?

ಕಥೆಯ ಬಗ್ಗೆಯೂ ನನ್ನದೊಂದು ತಕರಾರಿದೆ. ಅದು ಮೋಹನಸ್ವಾಮಿಯ ಕಣ್ಣಿನಿಂದಲೇ ನೋಡುವುದರಿಂದ ಕಾರ್ತಿಕ್‌ನ ಹೆಂಡತಿ ನಮಗೆ ಹೊರಗಿನಿಂದಷ್ಟೇ ಕಾಣುತ್ತಾಳೆ. ನಂಬಿ ತಾಳಿಗೆ ಕೊರಳೊಡ್ಡಿದ ಅವಳ ಪಾಲಿನ ಮೋಸ ಇನ್ನೊಂದು ಕಥೆಯಾಗಬೇಕಿತ್ತು. ಕುಟುಂಬ ಉಳಿಯಬೇಕೆಂದು ಈ ಮದುವೆಗಳನ್ನು ವಿರೋಧಿಸುವವರೂ ಅವಳ ಹೆಸರೆತ್ತುವುದಿಲ್ಲ. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತ, ಹುಡುಗನ ಬಾಯಿಂದ ಒಂದು ಮಾತೂ ಕೇಳದೆ, ನಮ್ಮೂರುಗಳಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆದೇ ಇದೆ.