ಟ್ರ್ಯಾಕ್ಟರ್ ಬೆನ್ನೇರಿದ ಫಿರಂಗಿ

1941ರಲ್ಲಿ ಜರ್ಮನ್ ಟ್ಯಾಂಕುಗಳು ಸೋವಿಯತ್ ನೆಲದೊಳಗೆ ನುಗ್ಗಿದಾಗ ಗೋರ್ಕಿ ನಗರದ 92ನೇ ಕಾರ್ಖಾನೆಯಲ್ಲಿ ಅಪರೂಪದ ಫಿರಂಗಿಯೊಂದಿತ್ತು: ವಾಸಿಲಿ ಗ್ರಾಬಿನ್ ತಂಡದ 57 ಮಿ.ಮೀ. ಝಿಸ್-2. ಅದನ್ನು ಹೊತ್ತು ಓಡುವ ವಾಹನ ಇರಲಿಲ್ಲ, ಹೊಸದನ್ನು ರೂಪಿಸಲು ಪುರುಸೊತ್ತೂ ಇರಲಿಲ್ಲ. ಫಿರಂಗಿ ಎಳೆಯಲೆಂದೇ ಇದ್ದ ‘ಕೊಮ್ಸೊಮೊಲೆಟ್ಸ್’ ಎಂಬ ಪುಟ್ಟ ಟ್ರ್ಯಾಕ್ಟರಿನ ಮೇಲೇ ಅದನ್ನು ಕೂರಿಸಿಬಿಟ್ಟರು. ಹಾಗೆ ಹುಟ್ಟಿದ್ದು ಝಿಸ್-30.

ನನಗೆ ಬಹಳ ಹಿಡಿಸುವುದು ಅದರ ಹಿಂಭಾಗ. ಗುಂಡು ಹಾರಿಸಿದರೆ ಇಷ್ಟು ಹಗುರ ಗಾಡಿ ಹಿಂದಕ್ಕೆ ಜಿಗಿಯದೆ ಇದ್ದೀತೆ? ಅದಕ್ಕೆಂದೇ ಮಡಚುವ ಊರುಗೋಲುಗಳನ್ನು ಜೋಡಿಸಿದರು. ಹೊಡೆಯುವ ಮುನ್ನ ಇಳಿಸಿ ನೆಲಕ್ಕೆ ಊರಬೇಕು. ಎಷ್ಟು ಸರಳ, ಎಷ್ಟು ಜಾಣತನ! ಆದರೂ ಗಾಡಿ ಕುಲುಕುತ್ತಿತ್ತು. ಸುಮಾರು 50 ಅಶ್ವಶಕ್ತಿಯ ಎಂಜಿನ್ ಆ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಫಿರಂಗಿಯ ಗುರಾಣಿ ಬಿಟ್ಟರೆ ಗುಂಡು ಹಾರಿಸುವ ಸೈನಿಕರಿಗೆ ಮರೆಯೆಂಬುದೇ ಇರಲಿಲ್ಲ.

ಕೊರತೆಗಳೆಲ್ಲ ನಿಜ. ಆದರೆ ಆ ಉದ್ದ ನಳಿಗೆಯ ಗುಂಡಿಗೆ ಅಂದಿನ ಜರ್ಮನ್ ಟ್ಯಾಂಕುಗಳ ಉಕ್ಕು ತಡೆಯುತ್ತಿರಲಿಲ್ಲ. ಕೈಗೆ ಸಿಕ್ಕಿದ್ದರಲ್ಲೇ, ಅದೂ ಅಂಥ ತುರ್ತಿನಲ್ಲಿ, ಇದಕ್ಕಿಂತ ಒಳ್ಳೆಯದನ್ನು ಕಟ್ಟಲು ಸಾಧ್ಯವಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ರ್ಯಾಕ್ಟರ್ ತಯಾರಿಕೆಯೇ ನಿಂತುಹೋದ್ದರಿಂದ ಸುಮಾರು ನೂರು ಗಾಡಿಗಳಷ್ಟೇ ಸಿದ್ಧವಾದವು. ಅವು ಮಾಸ್ಕೋ ರಕ್ಷಣೆಯ ಕದನದಲ್ಲಿ ಹೋರಾಡಿದವು.