ವೃತ್ತಪತ್ರಿಕೆಯೂ ಕಿರಿಯ ವಾಚಕರೂ

ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ನೆಯ ಇಸವಿ ಜುಲೈ 1ರಂದು ಹೆರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ ಕಲ್ಲಚ್ಚಿನಿಂದ ಹೊರಟಿತು. ಈ ತಾರೀಖನ್ನು ಕಂಠಪಾಠ ಮಾಡಿಸಿದ ಮಾತ್ರಕ್ಕೆ ಹದಿಮೂರು ಹದಿನಾಲ್ಕು ವಯಸ್ಸಿನ ಬಾಲಕ ಬಾಲಿಕೆಯರಿಗೆ ಪತ್ರಿಕಾಧರ್ಮವು ತಿಳಿಯಲಾರದು. ಊರ ವರ್ತಮಾನವನ್ನೂ ಸರಕಾರದ ನಿರೂಪಗಳನ್ನೂ ಜನಸಾಮಾನ್ಯರಿಗೆ ಮುಟ್ಟಿಸಿದುದು ಆ ಪತ್ರಿಕೆಯ ಗುಣ. ಅದರ ಸಂಪಾದಕನು ಬಾಸೆಲ್ ಮಿಶನ್ನಿನ ಧರ್ಮಪ್ರಚಾರಕನೆಂಬುದೂ ಸ್ಮರಣೀಯವೇ. ಗುಣವನ್ನು ಮೆಚ್ಚುತ್ತ ಉದ್ದೇಶವನ್ನೂ ಶೋಧಿಸುವ ಬಗೆಯನ್ನು ಮಕ್ಕಳಿಗೆ ಕಲಿಸತಕ್ಕದ್ದು.

ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪಿದರಾದರೂ ಆಪ್ತನ ವಾಕ್ಯಕ್ಕೆ ಮಾತ್ರ ಆ ಪದವಿಯನ್ನಿತ್ತರು. ಅಚ್ಚಾದುದೆಲ್ಲವೂ ಆಪ್ತವಾಕ್ಯವಲ್ಲ, ಮೊಬೈಲಿನಲ್ಲಿ ಹರಿದು ಬರುವ ಸುದ್ದಿಗಾದರೋ ಹೇಳಿದವನಾರೆಂಬ ಗುರುತೇ ಅನೇಕ ವೇಳೆ ಇರದು.

ಇದರ ಪರೀಕ್ಷೆಗೆ ಮರವಂತೆಯೇ ತಕ್ಕ ಸ್ಥಳ. ಅಲ್ಲಿ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಮಳೆಗಾಲದ ಕಡಲ್ಕೊರೆತದ ಸುದ್ದಿಯು ಅಚ್ಚಾದಾಗ ಅಲ್ಲಿಯ ವಿದ್ಯಾರ್ಥಿಗಳು ಅದನ್ನು ಪ್ರತ್ಯಕ್ಷದೊಡನೆ ಹೋಲಿಸಬಲ್ಲರು. ಬರೆದವನು ಕಂಡು ಬರೆದನೋ, ಕೇಳಿ ಬರೆದನೋ? ಮೀನುಗಾರರ ಮಾತಿಗೆ ಎಡೆಯಿದೆಯೋ, ಅಧಿಕಾರಿಯ ಮಾತೊಂದೇ ಇದೆಯೋ? ದಡಕ್ಕೆ ಕಲ್ಲು ಹಾಕಿಸುವ ಆಶ್ವಾಸನವನ್ನು ಪತ್ರಿಕೆಯು ಮರುವರ್ಷ ನೆನಪಿಸಿತೋ?

ಇದು ಪತ್ರಿಕೆಯಲ್ಲಿ ಅವಿಶ್ವಾಸವನ್ನು ಬಿತ್ತುವ ಪಾಠವಲ್ಲ. ಪತ್ರಿಕೆಯಿಲ್ಲದೆ ಕಡಲ ಕರೆಯವರ ಗೋಳು ವಿಧಾನಸೌಧಕ್ಕೆ ಮುಟ್ಟುವುದು ಕಷ್ಟ. ಪರೀಕ್ಷಿಸಿ ಓದುವವರಿಲ್ಲದೆ ಪತ್ರಿಕೆಯು ನೆಟ್ಟಗೆ ನಡೆಯುವುದೂ ಕಷ್ಟ.